ಕಿತ್ತ ಮೇಲೂ ಉಳಿದದ್ದು

"ಇದರೊಳಗೆ ಅಂಥದ್ದೇನೂ ಇರ್ಲೇ ಇಲ್ಲ ನೋಡಮ್ಮ," ಅಂದ ಮ್ಯಾನೇಜರ್ ಮಹಾಲಿಂಗಯ್ಯ, ಗೇಟ್ ರೂಮಿನ ಕಂಪ್ಯೂಟರಿನ ಮೇಲೆ ಕೂತಿದ್ದ ಕಲ್ಲಿನ ಹಿಟ್ಟನ್ನು ಕರ್ಚೀಫಿನಿಂದ ಒರೆಸುತ್ತ. "ಗೋಡೆ ಮೇಲಿರೋ ಕ್ಯಾಮೆರಾ ಬರೀ ಬೆದರುಬೊಂಬೆ. ಕಳ್ಳರು ಹೆದರ್ಲಿ ಅಂತ ಹೊಡೆದಿರೋ ಖಾಲಿ ಡಬ್ಬ."

ಅರುಣಾ ಅವನ ಮುಖ ನೋಡಲಿಲ್ಲ. ಮೂಲೆಯಲ್ಲಿದ್ದ ಸ್ಟೂಲನ್ನು ನೋಡುತ್ತಿದ್ದಳು. ಮೂರನೇ ಕಾಲಿಗೆ ಸೈಕಲ್ ಟ್ಯೂಬು ಸುತ್ತಿತ್ತು. ಆ ಸುತ್ತು ಅಪ್ಪನದೇ. ಮನೆಯ ಕೊಡಪಾನಕ್ಕೂ, ಛತ್ರಿಗೂ, ಒಮ್ಮೆ ಅವಳ ಮುರಿದ ಸ್ಲೇಟಿಗೂ ಅವನು ಹೀಗೇ ಟ್ಯೂಬು ಸುತ್ತಿಕೊಟ್ಟಿದ್ದ.

ವಸಂತನರಸಾಪುರದ ಈ ಗ್ರಾನೈಟ್ ಕಾರ್ಖಾನೆಯ ಗೇಟಿನಲ್ಲೇ ಅವಳಪ್ಪ, ಕಾವಲುಗಾರ ಕಾಳಯ್ಯ, ಲಾರಿ ಚಕ್ರಕ್ಕೆ ಸಿಕ್ಕಿ ಸತ್ತಿದ್ದ. ಕುಡಿದು ಬಿದ್ದಿದ್ದ ಎಂದು ಕಾರ್ಖಾನೆ ಹೇಳಿತ್ತು, ಅಂಗಿ ಬ್ರಾಂದಿ ನಾರುತ್ತಿತ್ತು ಎಂದು ಪೊಲೀಸರು ಬರೆದುಕೊಂಡಿದ್ದರು.

ಬಡವ ಬದುಕಿದ್ದಾಗ ಬಾಯಿಗೆ ಒಂದು ಗುಟುಕು ನೀರು ಬಿಡದವರು, ಸತ್ತ ಮೇಲೆ ಬ್ರಾಂದಿ ಹುಯ್ಯುತ್ತಾರೆ.

ಕಾಳಯ್ಯ ಕುಡಿತ ಬಿಟ್ಟು ಎಷ್ಟೋ ವರ್ಷವಾಗಿತ್ತು. ಮಗಳು ಋತುಮತಿಯಾದ ವರ್ಷ ಯಡಿಯೂರಿಗೆ ಹೋಗಿ ದೇವರ ಮೇಲೆ ಆಣೆ ಇಟ್ಟು ಬಿಟ್ಟವನು, ಮತ್ತೆ ಮುಟ್ಟಿರಲಿಲ್ಲ. ಆದರೆ ಅದನ್ನು ನಂಬುವವರು ಈಗ ಅವರ ಊರು ಹೆಬ್ಬೂರಿನಲ್ಲಿ ಇಬ್ಬರೇ. ಒಬ್ಬಳು ಅರುಣಾ, ಇನ್ನೊಬ್ಬಳು ಅವಳವ್ವ ಸಿದ್ದಲಕ್ಷ್ಮಮ್ಮ.

ಇವತ್ತು ಸಂಜೆ ಹನ್ನೊಂದನೇ ದಿನದ ಎಡೆ. ಸತ್ತವನಿಗೆ ಏನು ಇಷ್ಟವೋ ಅದನ್ನೆಲ್ಲ ಎಲೆಯ ಮುಂದೆ ಇಡುವುದು ಅವರ ಮನೆತನದ ಪದ್ಧತಿ. ಕುಡಿಯುವವನಾಗಿದ್ದರೆ ಬಾಟಲಿಯನ್ನೂ ಇಡಬೇಕು, ಇಲ್ಲದಿದ್ದರೆ ಆತ್ಮ ಹೊಸಿಲು ದಾಟುವುದಿಲ್ಲ. ದೊಡ್ಡಪ್ಪ ಅಣ್ಣಯ್ಯಪ್ಪ ನಿನ್ನೆಯೇ ಬಾಟಲಿ ತಂದು ಪೇಪರಿನಲ್ಲಿ ಸುತ್ತಿಟ್ಟಿದ್ದ. ಪೊಲೀಸ್ನೋರೇ ಬರ್ದವ್ರೆ, ನಾವ್ಯಾಕೆ ಮುಚ್ಚಿಡನ ಎಂಬುದು ಅವನ ವಾದ.

ಆ ಬಾಟಲಿ ಒಮ್ಮೆ ಎಡೆಗೆ ಬಂತೆಂದರೆ ಮುಗಿಯಿತು. ನೆಂಟರಿಷ್ಟರೆಲ್ಲ ಸೇರಿ ಕಾರ್ಖಾನೆಯ ಸುಳ್ಳಿಗೆ ಕುಂಕುಮ ಇಟ್ಟು ಪೂಜೆ ಮಾಡಿದ ಹಾಗೆ. ಮುಂದೆ ಪ್ರತಿ ಮಾರ್ನಾಮಿಯ ಹಿರಿಯರ ಪೂಜೆಗೂ ಕಾಳಯ್ಯನ ಎಲೆಯ ಮುಂದೆ ಬಾಟಲಿ ನಿಲ್ಲುತ್ತದೆ. ರಕ್ತದ ರಿಪೋರ್ಟು ಬೆಂಗಳೂರಿನ ಲ್ಯಾಬಿಂದ ಬರಲು ತಿಂಗಳುಗಳು ಬೇಕು. ಎಡೆ ಲ್ಯಾಬಿಗೆ ಕಾಯುವುದಿಲ್ಲ.

"ನಿಧಾನವಾಗಿ ನೋಡಮ್ಮ. ಅವಸರ ಇಲ್ಲ," ಅಂದರು ಬಾಗಿಲಿಗೆ ಒರಗಿ ನಿಂತಿದ್ದ ಸಬ್‌ಇನ್ಸ್‌ಪೆಕ್ಟರ್ ಹನುಮಂತರಾಜು.

ಅವಳ ಮಾತನ್ನು ಕಿವಿಗೆ ಹಾಕಿಕೊಂಡ ಅಧಿಕಾರಿ ಅವರೊಬ್ಬರೇ. ಗೇಟಿನಲ್ಲಿ ಕ್ಯಾಮೆರಾ ಇತ್ತು, ಅದರಲ್ಲಿ ಫೋಟೋ ಇರಲೇಬೇಕು ಎಂದು ಅವಳು ಠಾಣೆಯಲ್ಲಿ ಕೂತು ಹಟ ಹಿಡಿದಾಗ ಉಳಿದವರು ನಕ್ಕಿದ್ದರು. ಇವರು ಮಾತ್ರ ನಕ್ಕಿರಲಿಲ್ಲ. ಹಂಗಾದ್ರೆ ನೀನೇ ಬಂದು ನೋಡಮ್ಮ, ಗುಬ್ಬಿಯಲ್ಲಿ ಕಂಪ್ಯೂಟರ್ ಪಾಠ ಮಾಡೋಳಲ್ವಾ ಎಂದು ತಮ್ಮ ಜೀಪಿನಲ್ಲೇ ಕರೆದುಕೊಂಡು ಬಂದಿದ್ದರು. ಅವಳ ತಮ್ಮ ಅಂಜನ್ ಬರಲಿಲ್ಲ. ಅವನು ಇದೇ ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್. ಅದೊಂದು ಸುಮ್ನೆ ಹಾಕಿರೋ ಡಬ್ಬ ಅಕ್ಕ, ಬುಟ್ಬುಡು ಎಂದು ಅವಳ ಬಾಯಿ ಮುಚ್ಚಿಸಲು ನೋಡಿದ್ದ. ಕೆಲಸ ಹೋಗುವ ಭಯ ಅಂದುಕೊಂಡು ಅರುಣಾ ಸುಮ್ಮನಾಗಿದ್ದಳು.

ಆದರೆ ಡಬ್ಬ ಖಾಲಿಯಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಪ್ಪನೇ ಹೇಳಿದ್ದ. ನಾವು ಅಲ್ಲಾಡಿದ್ರೆ ಸಾಕು ಕಣವ್ವ, ಟಕ್ ಅಂತ ಫೋಟೋ ತೆಗಿತದೆ, ಕಲ್ಲಿನಂಗೆ ಕೂತ್ರೆ ಸುಮ್ಕಿರ್ತದೆ, ನಮ್ಮೂರ್ ಹಸು ಇದ್ದಂಗೆ ಎಂದು.

ಅವಳು ಸ್ಟೂಲನ್ನು ಎಳೆದುಕೊಂಡು ಕೂತಳು.

ಪುಕ್ಕಟೆ ಸಿಗುತ್ತದೆಂದು ಧಣಿಗಳು ಹಾಕಿಸಿದ್ದ ಲಿನಕ್ಸ್ ವ್ಯವಸ್ಥೆ ಆ ಕಂಪ್ಯೂಟರಿನದು. ಪಾಸ್‌ವರ್ಡಿನ ಗೋಜೇ ಇಲ್ಲ, ಊರಬಾವಿಯ ಹಾಗೆ ಯಾರು ಬೇಕಾದರೂ ಹಗ್ಗ ಬಿಡಬಹುದು. ಆಜ್ಞೆ ಬರೆಯುವ ಕಪ್ಪು ಪರದೆ ತೆರೆದು, ಅಲ್ಲಾಡಿದ್ದನ್ನು ಹಿಡಿಯುವ ಪ್ರೋಗ್ರಾಮಿನ ಹೆಸರು ಹೊಡೆದಳು. ಮೋಷನ್. ಅಂಥ ಆಜ್ಞೆಯೇ ಇಲ್ಲ ಎಂದು ಒಂದು ಸಾಲು ಬಂತು.

"ನೋಡಿದ್ರಾ ಸಾರ್," ಅಂದ ಮಹಾಲಿಂಗಯ್ಯ. ಅವನ ದನಿಯಲ್ಲಿ ಸಮಾಧಾನ ಇತ್ತು. ಅಷ್ಟು ಬೇಗ ಸಮಾಧಾನ ಆಗಬಾರದಿತ್ತು.

ಅರುಣಾ ಇನ್ನೊಂದು ಸಾಲು ಹೊಡೆದಳು. ಈ ಯಂತ್ರದಲ್ಲಿ ಮೋಷನ್ ಎಂಬ ಪ್ಯಾಕೇಜಿನ, ಅಂದರೆ ಆ ಪ್ರೋಗ್ರಾಮಿನ ಇಡೀ ಕಟ್ಟಿನ, ಸ್ಥಿತಿ ಏನು ಎಂದು ಯಂತ್ರವನ್ನೇ ಕೇಳಿದಳು. ಉತ್ತರವಾಗಿ ಪ್ಯಾಕೇಜಿನ ಹೆಸರು ಬಂತು, ಅದರ ಎಡಕ್ಕೆ ಎರಡೇ ಅಕ್ಷರ. ಆರ್, ಸಿ.

ಅವಳ ಬೆರಳು ಕೀಲಿಗಳ ಮೇಲೆ ನಿಂತುಹೋಯಿತು.

"ಏನಮ್ಮ?" ಹನುಮಂತರಾಜು ಹತ್ತಿರ ಬಂದರು.

ಅವಳು ಗುಬ್ಬಿಯ ಹುಡುಗರಿಗೆ ಹೇಳಿಕೊಡುವ ಹಾಗೇ ಹೇಳಿದಳು. ಪ್ಯಾಕೇಜ್ ತೆಗೆಯೋದು ಅಂದರೆ ಬಾಡಿಗೆಯವರು ಮನೆ ಖಾಲಿ ಮಾಡಿದ ಹಾಗೆ. ರಿಮೂವ್ ಅಂದರೆ ಪಾತ್ರೆ ಪಗಡ ಹೋಗುತ್ತದೆ, ಗೋಡೆಯಲ್ಲಿ ಅವರು ಹೊಡೆದ ಮೊಳೆ ಉಳಿಯುತ್ತದೆ. ಮೊಳೆಯನ್ನೂ ಕೀಳಬೇಕಾದರೆ ಪರ್ಜ್ ಅಂತ ಬೇರೆಯೇ ಹೇಳಬೇಕು. ಇಲ್ಲಿ ಯಾರೋ ರಿಮೂವ್ ಅಂದಿದ್ದಾರೆ, ಪರ್ಜ್ ಅಂದಿಲ್ಲ. ಆ ಎರಡು ಅಕ್ಷರದ ಅರ್ಥ ಅಷ್ಟೇ: ಪ್ರೋಗ್ರಾಮ್ ಹೋಗಿದೆ, ಅದಕ್ಕೆ ಮಾಡಿಟ್ಟ ಸೆಟ್ಟಿಂಗ್ ಉಳಿದಿದೆ.

"ಮೊಳೆ ಐತೆ ಅಂದ್ರೆ, ಯಾರೋ ಅಲ್ಲಿ ಅಂಗಿ ನೇತಾಕಿದ್ರು ಅಂತ ತಾನೆ ಮ್ಯಾನೇಜರ್ರೇ," ಅಂದಳು, ತಿರುಗದೆ.

ಮಹಾಲಿಂಗಯ್ಯನ ಕರ್ಚೀಫು ಒರೆಸುವುದನ್ನು ನಿಲ್ಲಿಸಿತು. ಆಫೀಸಿನ ಹುಡುಗರು ಆಟಕ್ಕೆ ಏನೋ ಹಾಕಿ ತೆಗೆದಿರಬಹುದು ಅಂದ. ಹಾಕಿದ್ದು ಯಾವಾಗ ಎಂದು ಅವಳು ಕೇಳಿದಳು. ನನಗೇನು ಗೊತ್ತು ಅಂದ. ಖಾಲಿ ಡಬ್ಬಕ್ಕೆ ಪ್ರೋಗ್ರಾಮ್ ಯಾಕೆ ಬೇಕಿತ್ತು ಅಂದಳು. ಅವನು ಇನ್ಸ್‌ಪೆಕ್ಟರ ಕಡೆ ನೋಡಿದ. ಆ ನೋಟವನ್ನು ಅರುಣಾ ಗಮನಿಸಿದಳು, ದೊಡ್ಡವರ ಆಸರೆ ಹುಡುಕುವ ಹೇಡಿಯ ನೋಟ ಅಂದುಕೊಂಡಳು.

"ಸುಳ್ಳು ಹೇಳೋಕೆ ಒಂದಿಷ್ಟು ಮರ್ಯಾದೆ ಇಟ್ಕಳಿ," ಅಂದಳು. ದನಿ ಏರಲಿಲ್ಲ. "ಈ ಸ್ಟೂಲ್ ಮೇಲೆ ಕೂತು ನಿಮ್ಮ ಗೇಟು ಕಾದಿದ್ದಾನೆ ನಮ್ಮಪ್ಪ. ನಿಮ್ಮ ಕಾರಿಗೆ ಸಲ್ಯೂಟ್ ಹೊಡೆದಿದ್ದಾನೆ. ಅವನಂಗಿಗೆ ಬ್ರಾಂದಿ ಹಚ್ಚಿ ಕಳಿಸಿದ್ರಲ್ಲ."

ಮಹಾಲಿಂಗಯ್ಯ ಹೊರಗೆ ಹೋಗಿ ಫೋನ್ ಮಾಡುತ್ತೇನೆ ಎಂದ. ಇಲ್ಲೇ ನಿಂತ್ಕಳಯ್ಯ ಎಂದು ಹನುಮಂತರಾಜು ಒಂದೇ ಮಾತಿನಲ್ಲಿ ಅವನನ್ನು ಗೋಡೆಗೆ ಅಂಟಿಸಿದರು. ಅರುಣಾಳಿಗೆ ಎದೆಯ ಮೇಲಿನ ಚಪ್ಪಡಿ ಚೂರು ಸರಿದಂತಾಯಿತು.

ಉಳಿದುಹೋಗಿದ್ದ ಸೆಟ್ಟಿಂಗ್ ಫೈಲನ್ನು ತೆರೆದು ಓದುತ್ತ ಹೋದಳು. ಎಷ್ಟು ಅಲ್ಲಾಡಿದರೆ ಫೋಟೋ, ಎಷ್ಟು ದೊಡ್ಡ ಫೋಟೋ. ಕೊನೆಗೆ ಆ ಸಾಲು: ತೆಗೆದ ಫೋಟೋಗಳನ್ನು ಎಲ್ಲಿಡಬೇಕು ಎಂಬುದು. ಯಾರೂ ಹೋಗಿ ನೋಡದ, ಯಂತ್ರದ ಹೊಟ್ಟೆಯೊಳಗಿನ ಒಂದು ಫೋಲ್ಡರು.

ತೆಗೆದದ್ದು ಪ್ಯಾಕೇಜನ್ನು. ಪ್ಯಾಕೇಜು ಹೆತ್ತದ್ದನ್ನಲ್ಲ. ಹಡೆದವಳು ಸತ್ತರೆ ಕೂಸು ತಾನಾಗಿ ಸಾಯುವುದಿಲ್ಲವಲ್ಲ.

ಫೋಲ್ಡರ್ ತುಂಬಿತ್ತು.

ಮೊದಲ ಫೋಟೋದಲ್ಲೇ ಅಪ್ಪ ಇದ್ದ. ಖಾಕಿ ಅಂಗಿ, ಕಿವಿಗೆ ಬಿಗಿದ ಟವೆಲು. ಕ್ಯಾಮೆರಾ ಕಡೆ ತಿರುಗಿ ನೆಟ್ಟಗೆ ನಿಂತು ಸಲ್ಯೂಟ್ ಹೊಡೆಯುತ್ತಿದ್ದ. ಅರುಣಾ ಮುಂದಿನ ದಿನದ್ದನ್ನು ತೆರೆದಳು. ಅಲ್ಲೂ ಸಲ್ಯೂಟ್. ಅದರ ಮುಂದಿನ ದಿನವೂ. ದಿನಾ ಡ್ಯೂಟಿಗೆ ಬಂದ ಕೂಡಲೇ, ಗೋಡೆಯ ಆ ಗಾಜಿನ ಕಣ್ಣಿಗೆ ನಗುನಗುತ್ತ ಒಂದು ಸಲ್ಯೂಟ್. ಈ ಕಾರ್ಖಾನೆಯಲ್ಲಿ ಅವನನ್ನು ದಿನಾ ತಪ್ಪದೆ ನೋಡುತ್ತಿದ್ದದ್ದು ಅದೊಂದೇ ಆಗಿತ್ತೇನೋ.

ಕೆಲವು ಫೋಟೋಗಳಲ್ಲಿ ಅವನು ಸ್ಟೂಲಿನ ಮೇಲೆ ಕೂತು ಫ್ಲಾಸ್ಕಿನ ಮುಚ್ಚಳದಲ್ಲಿ ಟೀ ಕುಡಿಯುತ್ತಿದ್ದ. ಒಂದರಲ್ಲಿ ನಾಯಿಮರಿಗೆ ಬನ್ನು ಮುರಿದು ಹಾಕುತ್ತಿದ್ದ. ಅರುಣಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುವುದಕ್ಕೆ ಇದು ಹೊತ್ತಲ್ಲ.

ಅವನು ಸತ್ತ ದಿನದ ಫೋಟೋಗಳು ಕೊನೆಯಲ್ಲಿದ್ದವು. ದೀಪ ಹಚ್ಚುವುದಕ್ಕೆ ಮುಂಚಿನ ಹೊತ್ತು, ಬೆಳಕು ಇನ್ನೂ ಇತ್ತು. ಕಾಳಯ್ಯ ಗೇಟಿನ ನಟ್ಟನಡುವೆ ನಿಂತಿದ್ದ. ಕುಡಿದವನು ಹಾಗೆ ನಿಲ್ಲುವುದಿಲ್ಲ. ಎದುರಿಗೆ ಕಲ್ಲು ತುಂಬಿದ ಲಾರಿ, ಹೊರಕ್ಕೆ ಹೊರಟದ್ದು. ಅವನ ಒಂದು ಕೈ ಅಂಗೈ ತೋರಿಸಿ ಎತ್ತಿತ್ತು: ನಿಲ್ಸು. ಮುಂದಿನದರಲ್ಲಿ ಕೈ ಇನ್ನೂ ಮೇಲೆಯೇ ಇತ್ತು, ಲಾರಿ ಹತ್ತಿರ ಬಂದಿತ್ತು. ಅದರ ಮುಂದಿನದರಲ್ಲಿ ಲಾರಿ ಮಾತ್ರ ಇತ್ತು.

ಆಮೇಲೆ ಅಪ್ಪನ ಫೋಟೋಗಳಿಲ್ಲ. ಅಲ್ಲಾಡಿದರೆ ಮಾತ್ರ ತೆಗೆಯುವ ಕ್ಯಾಮೆರಾ ಅದು.

ಓಡಿಬಂದವರ ಕಾಲುಗಳ ಕೆಲವು ಫೋಟೋ ದಾಟಿದ ಮೇಲೆ, ಕಟ್ಟಕಡೆಯದೊಂದು ಉಳಿದಿತ್ತು. ನೆಲದ ಮೇಲೆ ಖಾಕಿ ಅಂಗಿ. ಅದರ ಮೇಲೆ ಯಾರದೋ ಕೈ ಬಾಟಲಿ ಬಗ್ಗಿಸಿತ್ತು. ಮುಖ ಚೌಕಟ್ಟಿನ ಆಚೆಗೆ ಉಳಿದಿತ್ತು. ಚಿತ್ರದ ಅಂಚಿನಲ್ಲಿ ಒಂದು ಬೂಟು, ಕಂದು ಬಣ್ಣದ್ದು, ಪಾಲಿಶಿನಿಂದ ಹೊಳೆಯುತ್ತಿತ್ತು.

"ಸಾಕು ಬಿಡಮ್ಮ." ಹನುಮಂತರಾಜು ಕೈ ಚಾಚಿ ಪರದೆಯನ್ನೇ ಆರಿಸಿದರು. "ಹೆತ್ತಪ್ಪಂದು. ನೀನು ಇಂಥದ್ದೆಲ್ಲ ನೋಡ್ಬಾರ್ದು."

ಆ ದನಿಯ ಮೃದುತ್ವಕ್ಕೆ ಅರುಣಾಳ ಕಣ್ಣು ತುಂಬಿ ಬಂತು. ಬ್ಯಾಗಿನಿಂದ ಪೆನ್ ಡ್ರೈವ್ ತೆಗೆದು, ಪರದೆ ಮತ್ತೆ ಹಚ್ಚಿ, ಫೋಲ್ಡರನ್ನು ಇಡಿಯಾಗಿ ಅದಕ್ಕೆ ಇಳಿಸಿಕೊಂಡಳು. ಅವರು ಕೈ ನೀಡಿದರು. ಇದು ಸಾಕ್ಷಿ, ಬಸ್ಸಿನಲ್ಲಿ ಓಡಾಡೋ ಬ್ಯಾಗಲ್ಲಿ ಇರಬಾರದು, ಕಂಪ್ಯೂಟರ್ರೂ ಠಾಣೆಗೆ ಬರುತ್ತೆ ಅಂದರು. ಅವಳು ಕೊಟ್ಟಳು. ಅವರು ಅದನ್ನು ಅಂಗಿಯ ಜೇಬಿಗೆ ಇಳಿಬಿಟ್ಟು ಗುಂಡಿ ಹಾಕಿಕೊಂಡರು.

"ಇನ್ನೂ ಎಲ್ಲಾದ್ರೂ ಉಳಿದಿರುತ್ತಾ ಇದು?"

ಇಲ್ಲ ಅಂದಳು.

"ತೆಗೆದೋನು ಯಾರು ಅಂತ ಗೊತ್ತಾಗುತ್ತಾ?"

ನೋಡುತ್ತೇನೆ ಎಂದು ಮೇಲ್ಮುಖದ ಬಾಣದ ಕೀಲಿ ಒತ್ತಿದಳು. ಹಿಂದೆ ಹೊಡೆದ ಸಾಲುಗಳು ಒಂದೊಂದಾಗಿ ವಾಪಸ್ ಬರುತ್ತವೆ. ಮೊದಲು ಅವಳವೇ ಬಂದವು. ಅವುಗಳ ಹಿಂದೆ, ಮೋಷನ್ ತೆಗೆ ಎಂಬ ಸಾಲು. ಅದರ ಹಿಂದೆ ಮತ್ತದೇ ಸಾಲು, ಆದರೆ ನಡುವೆ ಒಂದು ಸಣ್ಣ ಗೀಟು, ಎಸ್ ಎಂಬ ಅಕ್ಷರ.

ಅರುಣಾ ಆ ಸಾಲನ್ನು ಇನ್ನೊಮ್ಮೆ ಓದಿದಳು.

ಆ ಗೀಟು, ಆ ಎಸ್ ಅಂದರೆ ತೆಗೆದಂತೆ ನಟಿಸು ಎಂದು. ನಿಜವಾಗಿ ತೆಗೆಯುವ ಮುಂಚೆ ಯಾವ್ಯಾವುದು ಹೋಗುತ್ತದೆ ಎಂದು ಯಂತ್ರ ತೋರಿಸುತ್ತದೆ. ಒಮ್ಮೆ ಗುಬ್ಬಿಯಲ್ಲಿ ಒಬ್ಬ ಹುಡುಗ ಒಂದು ಪ್ಯಾಕೇಜ್ ಕೀಳಲು ಹೋಗಿ, ಅದಕ್ಕೆ ಜೋತುಬಿದ್ದಿದ್ದ ಅರ್ಧ ಯಂತ್ರವನ್ನೇ ಕಿತ್ತು ಹಾಕಿದ್ದ. ಅವತ್ತಿನಿಂದ ಅವಳದೊಂದು ಕಟ್ಟಳೆ: ಮೊದಲು ಸುಳ್ಳುಸುಳ್ಳೇ ತೆಗೆದು ನೋಡಿ, ಆಮೇಲೆ ನಿಜವಾಗಿ ತೆಗೀರಿ. ಸೆಟ್ಟಿಂಗ್ ಮುಂದಿನ ಬ್ಯಾಚಿಗೆ ಬೇಕಾಗುತ್ತದೆ, ಪರ್ಜ್ ಮಾತ್ರ ಕೊಡಬೇಡಿ. ಹುಡುಗರು ಆಡಿಕೊಳ್ಳುತ್ತಿದ್ದರು, ಮೇಡಂ ಮದ್ವೆಗೂ ಮುಂಚೆ ಒಂದು ಸುಳ್ಳು ಮದ್ವೆ ಮಾಡ್ಕಂಡು ನೋಡ್ತಾರೆ ಎಂದು. ಅವಸರದಲ್ಲಿ ಸಾಕ್ಷಿ ಅಳಿಸುವ ಕಳ್ಳ ಯಾರೂ ಹೀಗೆ ತಾಳ್ಮೆಯಿಂದ ಎರಡು ಸಲ ಹೊಡೆಯುವುದಿಲ್ಲ. ಕೈಗೆ ರೂಢಿಯಾಗಿದ್ದವನು ಹೊಡೆಯುತ್ತಾನೆ.

ಈ ಕಾರ್ಖಾನೆಯಲ್ಲಿ ಅವಳ ಹತ್ತಿರ ಕಲಿತವನು ಒಬ್ಬನೇ ಇದ್ದ. ಅವನಿಗೆ ಈ ಕೆಲಸ ಕೊಡಿಸಲು ಅಪ್ಪ ಇದೇ ಮಹಾಲಿಂಗಯ್ಯನ ಮುಂದೆ ಕೈ ಕಟ್ಟಿ ನಿಂತಿದ್ದ.

"ಗೊತ್ತಾಗಲ್ಲ ಸಾರ್," ಅಂದಳು ಅರುಣಾ. ಅದು ಅವಳು ಅವತ್ತು ಹೇಳಿದ ಮೊದಲ ಸುಳ್ಳು.

ಹನುಮಂತರಾಜು ಅವಳನ್ನು ಒಂದು ಗಳಿಗೆ ದಿಟ್ಟಿಸಿ, ಹೋಗಲಿ ಬಿಡು ಅಂದರು. ಸಂಜೆ ಎಡೆಗೆ ತಾವೇ ಹೆಬ್ಬೂರಿಗೆ ಬರುವುದಾಗಿ, ನಾಲ್ಕು ಜನರೆದುರು ತಾವೇ ಮಾತಾಡುವುದಾಗಿ ಮಾತು ಕೊಟ್ಟರು.

*

ತುಮಕೂರಿನಲ್ಲಿ ಬಸ್ಸು ಬದಲಿಸಿದಳು. ಕುಣಿಗಲ್ ಕಡೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಹೆಬ್ಬೂರಿನಲ್ಲಿ ಇಳಿಯುವವರೆಗೂ ಅವಳು ಅಪ್ಪನಿಗಾಗಿ ಅಳಲಿಲ್ಲ. ತಮ್ಮನಿಗಾಗಿ ಅತ್ತಳು.

ಪಡಸಾಲೆಯಲ್ಲಿ ಎಲೆ ಹಾಸಿ ಆಗಿತ್ತು. ಮುದ್ದೆ, ಬಸ್ಸಾರು, ಕಜ್ಜಾಯ, ಬೀಡಿ ಕಟ್ಟು. ಅವ್ವ ಫ್ಲಾಸ್ಕಿನ ಮುಚ್ಚಳದಲ್ಲಿ ಟೀ ಇಟ್ಟಿದ್ದಳು. ಅದರ ಪಕ್ಕ ಒಂದು ಬಾಟಲಿ ಹಿಡಿಯುವಷ್ಟು ಜಾಗವನ್ನು ದೊಡ್ಡಪ್ಪ ಖಾಲಿ ಬಿಡಿಸಿದ್ದ.

ಅಂಜನ್ ಹಿತ್ತಲಲ್ಲಿ ನೀರೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಬೋಳಿಸಿದ ತಲೆಯಲ್ಲಿ ಅವನು ಮತ್ತೆ ಕೈಗೂಸಿನಂತೆ ಕಾಣುತ್ತಿದ್ದ. ಅರುಣಾ ಅವನ ಪಕ್ಕ ಕೂತಳು.

"ಮೊದ್ಲು ಸುಳ್ಳುಸುಳ್ಳೇ ತೆಗೆದು ನೋಡ್ದೆ, ಅಲ್ವೇನೋ?"

ಅವನು ಕೊಳ್ಳಿಯನ್ನು ಒಲೆಯೊಳಕ್ಕೆ ತಳ್ಳಿದ. "ನೀನೇ ಹೇಳ್ಕೊಟ್ಟಿದ್ದಲ್ಲ ಅಕ್ಕ."

"ಅಪ್ಪನ್ನ ಕಿತ್ತಾಕೋಕೆ ನಾ ಹೇಳ್ಕೊಡ್ಲಿಲ್ಲ ಕಣೋ."

ಅವನು ಇನ್ನೊಂದು ಕೊಳ್ಳಿ ತುರುಕಿದ. ಆಮೇಲೆ ಒಲೆಗೆ ಹೇಳುವ ಹಾಗೆ ಹೇಳಿದ. ಅಪ್ಪನ ಹೆಣ ಇನ್ನೂ ಗೇಟಿನಲ್ಲೇ ಇತ್ತಂತೆ. ಅವನನ್ನು ಆಫೀಸಿನಿಂದ ಎಳೆದು ತಂದು ಸ್ಟೂಲಿನ ಮೇಲೆ ಕೂರಿಸಿದರಂತೆ. ತೆಗೀತೀಯೋ, ಇಲ್ಲ ಅಪ್ಪನ ಪಕ್ಕ ಮಲಗ್ತೀಯೋ ಎಂದು ಕೇಳಿದರಂತೆ.

"ಬೇರು ಸಮೇತ ಕೀಳು ಅಂದ್ರು. ನಾನು ತೆಗೆದು, ಪ್ರೋಗ್ರಾಮ್ ಕರೆದು ತೋರಿಸ್ದೆ. ಇಲ್ಲ ಅಂತ ಬಂತು, ನಂಬಿದ್ರು." ಅವನು ಹೊಗೆಗೆ ಕಣ್ಣು ಒರೆಸಿಕೊಂಡ. "ಪರ್ಜ್ ಕೊಡ್ಲಿಲ್ಲ ಅಕ್ಕ. ಫೋಟೋ ಮುಟ್ಲಿಲ್ಲ. ನೀನು ಒಂದಲ್ಲ ಒಂದಿನ ಬಂದು ನೋಡ್ತೀಯ ಅಂತ. ಬಾಯಲ್ಲಿ ಹೇಳೋಕೆ ಧೈರ್ಯ ಬರ್ಲಿಲ್ಲ."

ಅರುಣಾ ಅವನ ಬೋಳುತಲೆಯ ಮೇಲೆ ಕೈಯಿಟ್ಟಳು. ಅದು ಜ್ವರ ಬಂದಂತೆ ಸುಡುತ್ತಿತ್ತು.

"ಕೂರಿಸಿದ್ದು ಯಾರು? ಮಹಾಲಿಂಗಯ್ಯನಾ?"

ಬೀದಿಯಲ್ಲಿ ಜೀಪು ನಿಂತ ಸದ್ದಾಯಿತು. ಅಂಜನ್ ತಲೆ ಎತ್ತಿ ನಡುಮನೆಯಾಚೆಗಿನ ಹೊಸಿಲ ಕಡೆ ನೋಡಿದ. ಅವನ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು.

ಹನುಮಂತರಾಜು ಹೊಸಿಲಲ್ಲಿ ಬಗ್ಗಿ ಬೂಟು ಬಿಚ್ಚುತ್ತಿದ್ದರು. ಒಂದನ್ನು ಬಿಚ್ಚಿ, ಕಾಳಯ್ಯನ ಹಳೇ ಚಪ್ಪಲಿಯ ಪಕ್ಕ ಜೋಪಾನವಾಗಿ ಇಟ್ಟರು. ಕಂದು ಬಣ್ಣದ ಬೂಟು. ಕಾರ್ಖಾನೆಯಲ್ಲಿ ಮ್ಯಾನೇಜರಿನಿಂದ ಹಿಡಿದು ಕೂಲಿಯವರೆಗೆ ಎಲ್ಲರ ಕಾಲೂ ಕಲ್ಲಿನ ಹಿಟ್ಟಿನಿಂದ ಬೆಳ್ಳಗಿರುತ್ತದೆ. ಇದು ಕನ್ನಡಿಯಂತೆ ಹೊಳೆಯುತ್ತಿತ್ತು.

ಅರುಣಾಳಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅವಳನ್ನು ಜೀಪಿನಲ್ಲಿ ಕರೆದುಕೊಂಡು ಹೋದದ್ದು ಹುಡುಕಲಿ ಎಂದಲ್ಲ. ಏನು ಉಳಿದಿದೆ ಎಂದು ಅವಳಿಂದಲೇ ತಿಳಿದುಕೊಳ್ಳುವುದಕ್ಕೆ. ಉಳಿದದ್ದನ್ನು ಅವಳೇ ತೋರಿಸಿಕೊಟ್ಟಿದ್ದಳು. ಪೆನ್ ಡ್ರೈವನ್ನು ತನ್ನ ಕೈಯಾರೆ ಅವನ ಜೇಬಿಗೆ ಹಾಕಿದ್ದಳು.

ಅವಳು ಪಡಸಾಲೆಗೆ ಬರುವಷ್ಟರಲ್ಲಿ ಅಣ್ಣಯ್ಯಪ್ಪ ಪೇಪರು ಬಿಚ್ಚಿ ಬಾಟಲಿಯನ್ನು ಕೈಯಲ್ಲಿ ಹಿಡಿದಿದ್ದ. ನೆಂಟರೆಲ್ಲ ಇನ್ಸ್‌ಪೆಕ್ಟರಿಗೆ ಜಾಗ ಬಿಟ್ಟು ಗೋಡೆಗೆ ಸರಿದಿದ್ದರು.

"ನೀವೇ ಒಂದ್ಮಾತ್ ಹೇಳ್ಬುಡಿ ಸಾಮಿ," ಅಂದ ಅಣ್ಣಯ್ಯಪ್ಪ. "ನನ್ ತಮ್ಮ ಕುಡ್ದಿದ್ನೋ, ಇಲ್ವೋ? ಇಡ್ಲೋ, ಬ್ಯಾಡ್ವೋ?"

ಹನುಮಂತರಾಜು ಎಲೆಯ ಮುಂದೆ ನಿಂತು ಕೈ ಮುಗಿದರು. ಅಂಗಿಯ ಜೇಬಿನ ಗುಂಡಿ ಹಾಗೇ ಹಾಕಿತ್ತು. ಕಣ್ಣು ಮಾತ್ರ ಎಡೆಯನ್ನು ದಾಟಿ, ಹಿತ್ತಲ ಬಾಗಿಲಲ್ಲಿ ಬಂದು ನಿಂತ ಅಂಜನ್‌ನ ಮೇಲೆ ಹೋಗಿ ಕೂತಿತು.

"ಇಟ್ಬಿಡಿ," ಅಂದರು. "ಪಾಪ, ಇಷ್ಟಪಡ್ತಿದ್ದ."

ಅಣ್ಣಯ್ಯಪ್ಪ ಬಗ್ಗಿದ. ಬಾಟಲಿಯ ತಳ ನೆಲಕ್ಕೆ ತಾಗುವ ಮುಂಚೆ ಸಿದ್ದಲಕ್ಷ್ಮಮ್ಮನ ಕೈ ಅಡ್ಡ ಬಂತು. ಬಳೆ ಒಡೆದ, ಖಾಲಿ ಕೈ. ಅವಳು ಇನ್ಸ್‌ಪೆಕ್ಟರನ್ನು ನೋಡಲಿಲ್ಲ, ಮೈದುನ ಭಾವಂದಿರನ್ನು ನೋಡಲಿಲ್ಲ. ಮಗಳ ಕಡೆ ತಿರುಗಿದಳು.

"ನೀನ್ ಹೋಗಿ ನೋಡ್ಕಂಡ್ ಬಂದಲ್ಲವ್ವ. ನೀನ್ ಹೇಳು. ನೀನ್ ಇಡು ಅಂದ್ರೆ ಇಡ್ತೀನಿ."

ಮನೆ ತುಂಬ ಜನ ಅರುಣಾಳ ಬಾಯಿ ನೋಡುತ್ತಿದ್ದರು. ಇಲ್ಲ ಅಂದರೆ, ಅಳಿಸಿದವನು ಯಾರು ಎಂಬ ಪ್ರಶ್ನೆ ಈ ಮನೆಯೊಳಗೇ ಬರುತ್ತದೆ. ಹೌದು ಅಂದರೆ, ಅಂಗೈ ಎತ್ತಿ ಲಾರಿಗೆ ಅಡ್ಡ ನಿಂತ ಅಪ್ಪ ವರ್ಷವರ್ಷವೂ ಈ ಎಲೆಯ ಮುಂದೆ ಕುಡುಕನಾಗಿ ಬಂದು ಕೂರುತ್ತಾನೆ.

ಹಿತ್ತಲ ಬಾಗಿಲಲ್ಲಿ ತಮ್ಮ ಎದೆಗೆ ಎರಡೂ ಕೈ ಜೋಡಿಸಿ ನಿಂತಿದ್ದ. ಹೇಳು ಎನ್ನುತ್ತಿದ್ದಾನೋ, ಹೇಳಬೇಡ ಎನ್ನುತ್ತಿದ್ದಾನೋ, ಅವಳಿಗೆ ತಿಳಿಯಲಿಲ್ಲ.

ಅರುಣಾ ಬಾಯಿ ತೆರೆದಳು.